ಬಿಕ್ಕಲಂ ಇಲ್ಲದ ಕರಾರು

ಕನ್ನಡದಲ್ಲಿ ವ್ಯವಹಾರದ ಮಾತು ಶುರುವಾದ ಕೂಡಲೇ ಪಾರಸಿ, ಅರಬಿ ಶಬ್ದಗಳು ಬಂದು ಜಗಲಿಯ ಮೇಲೆ ಕೂತುಬಿಡುತ್ತವೆ. ಕರಾರು, ಷರತ್ತು, ಜಾಮೀನು, ವಾಯಿದೆ, ರಸೀದಿ, ದಸ್ತಾವೇಜು, ಬಾಕಿ, ವಸೂಲಿ, ಜಪ್ತಿ, ತಕರಾರು, ರಾಜಿ. ಮಲೆನಾಡಿನ ಯಾವ ಹಳ್ಳಿಯ ಹಿರಿಯರನ್ನು ಕೇಳಿದರೂ ಇವೆಲ್ಲ ನಮ್ಮ ಮಾತೇ ಎನ್ನುತ್ತಾರೆ. ಅದು ನಿಜವೂ ಹೌದು. ಮನೆಗೆ ಬಂದ ಸೊಸೆ ತಲೆಮಾರುಗಳ ಕಾಲ ಒಲೆ ಹೊತ್ತಿಸಿದ ಮೇಲೆ ಆಕೆಯ ತವರು ಯಾವುದೆಂದು ಯಾರು ಕೇಳುತ್ತಾರೆ? ಬಿಜಾಪುರದ ಆದಿಲ್‌ಶಾಹಿ, ಸಿರಾದ ಮೊಗಲರು, ಮರಾಠರು, ಹೈದರ್ ಮತ್ತು ಟಿಪ್ಪು, ಇವರೆಲ್ಲರ ಕಚೇರಿಗಳನ್ನು ಹಾದು ಬಂದ ಈ ಶಬ್ದಗಳು ಶಾನುಭೋಗರ ಕಡತಗಳಲ್ಲಿ ನೆಲೆ ನಿಂತವು.

ಇವುಗಳಲ್ಲಿ ನಮಗೆ ಬಹಳ ಪ್ರಿಯವಾದದ್ದು ಒಂದಿದೆ: ಬಿಕ್ಕಲಂ. ಹಳೆಯ ಕ್ರಯಪತ್ರ, ಭೋಗ್ಯಪತ್ರಗಳ ಕೊನೆಯಲ್ಲಿ, ಬರೆಸಿಕೊಟ್ಟವರ ಸಹಿಯೋ ಹೆಬ್ಬೆಟ್ಟೋ ಬಿದ್ದು, ಸಾಕ್ಷಿಗಳ ರುಜುವೂ ಮುಗಿದ ಮೇಲೆ, ‘ಬಿಕ್ಕಲಂ’ ಎಂದು ಹಾಕಿ ಪತ್ರ ಬರೆದವನು ತನ್ನ ಹೆಸರು ಬರೆಯುತ್ತಿದ್ದ. ‘ಬ ಕಲಂ’ ಎಂದರೆ ‘ಇಂಥವರ ಲೇಖನಿಯಿಂದ’ ಎಂದರ್ಥ. ಚಿಕ್ಕ ಶಬ್ದ, ಆದರೆ ಅದರ ಹೊಣೆ ದೊಡ್ಡದು. ನಾಳೆ ತಕರಾರು ಬಂದರೆ ಆ ಬರಹಗಾರನನ್ನೂ ಕಟಕಟೆಗೆ ಕರೆದು ಕೇಳಬಹುದು: ಇದನ್ನು ಬರೆದದ್ದು ನೀನೇ ಏನು? ಬರೆಸಿದವನಿಗೆ ಓದಿ ಹೇಳಿದ್ದೆಯಾ? ಅವನು ತಿಳಿದೇ ಹೆಬ್ಬೆಟ್ಟು ಒತ್ತಿದನೇ?

ಇಂದು ನಮ್ಮ ಕೈಗೆ ಬರುವ ಕರಾರುಗಳಲ್ಲಿ ಬಿಕ್ಕಲಂ ಇರುವುದಿಲ್ಲ. ಬ್ಯಾಂಕಿನ ಸಾಲದ ಕಡತ, ವಿಮೆಯ ಪಾಲಿಸಿ, ಅಂಗಡಿಯ ಬಿಲ್ಲಿನ ಹಿಂಬದಿ, ಮೊಬೈಲ್ ಫೋನಿನಲ್ಲಿ ‘ಒಪ್ಪಿದ್ದೇನೆ’ ಎಂದು ಒತ್ತಬೇಕಾದ ಗುಂಡಿ, ಇವುಗಳ ಷರತ್ತುಗಳನ್ನು ಯಾರು ಬರೆದರು, ಯಾರು ತಿದ್ದಿದರು, ಯಾರು ಓದಿ ಹೇಳಿದರು? ಉತ್ತರವಿಲ್ಲ. ಷರತ್ತು ಬರೆಯುವ ಕೈ ಕಣ್ಮರೆಯಾದ ಈ ಚರಿತ್ರೆಯನ್ನು ನಾವು ಇಲ್ಲಿ ಕಾಫಿಯ ಜಾಡು ಹಿಡಿದು ನೋಡಲು ಹೊರಟಿದ್ದೇವೆ. ಅದಕ್ಕೆ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲೂಕಿನ ಗೋಣಿಬೀಡಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಹೊಯ್ಸಳರ ಮೂಲನೆಲೆ ಎನ್ನಲಾಗುವ ಸೊಸೆವೂರು ಇದೇ ತಾಲೂಕಿನಲ್ಲಿದೆ. ಅದರ ಈಗಿನ ಹೆಸರೇ ‘ಅಂಗಡಿ’. ಗೋಣಿಬೀಡು ಎಂಬ ಹೆಸರಿನ ಮೂಲ ಏನೇ ಇರಲಿ, ಗೋಣಿಚೀಲ ತುಂಬುವುದು, ಹೊಲಿಯುವುದು, ತೂಗುವುದು, ಚೀಟಿ ಬರೆಯುವುದು ಈ ಸೀಮೆಯ ಬದುಕಿನ ಭಾಗವಾಗಿದೆ.

ಎರಡು ಹಳೆಯ ಪಾಠಗಳು

ಕಾಫಿಗೆ ಹೋಗುವ ಮುನ್ನ ಎರಡು ಹಳೆಯ ಪಾಠಗಳನ್ನು ನೆನೆಯಬೇಕು. ಮೊದಲನೆಯದು ನಮ್ಮ ನಾಡಿನದೇ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನವನ್ನು ಆಸ್ತಿ ಹಂಚಿಕೆಯ ಸಂಬಂಧದಲ್ಲಿ ಮಾತ್ರ ನೆನೆಯುವುದು ವಾಡಿಕೆ. ಅದರಲ್ಲಿ ಸಾಲಪತ್ರ ಬರೆಯುವ ಬಗೆಯೂ ವಿವರವಾಗಿದೆ. ಸಾಲ ಪಡೆದವನು ತನ್ನ ಮತ್ತು ತಂದೆಯ ಹೆಸರು ಹೇಳಿ, ಮೇಲೆ ಬರೆದದ್ದಕ್ಕೆ ಒಪ್ಪಿದ್ದೇನೆ ಎಂದು ಸ್ವಹಸ್ತದಿಂದ ಬರೆಯಬೇಕು. ಅಕ್ಷರ ಬಾರದವನಾದರೆ ಸಾಕ್ಷಿಗಳೆಲ್ಲರ ಎದುರು ಇನ್ನೊಬ್ಬರಿಂದ ತನ್ನ ಒಪ್ಪಿಗೆಯನ್ನು ಬರೆಸಬೇಕು. ಕೊನೆಗೆ ಬರಹಗಾರ, ಎರಡೂ ಕಡೆಯವರು ಕೇಳಿಕೊಂಡದ್ದರಿಂದ ಬರೆದೆ ಎಂದು ತನ್ನ ಹೆಸರು ಹಾಕಬೇಕು. ಬಲಾತ್ಕಾರದಿಂದಲೋ ವಂಚನೆಯಿಂದಲೋ ಮಾಡಿಸಿದ ಪತ್ರ ನಿಲ್ಲುವುದಿಲ್ಲ. ಕಂತು ಕಟ್ಟಿದಂತೆಲ್ಲ ಪತ್ರದ ಬೆನ್ನ ಮೇಲೆ ನಮೂದಾಗಬೇಕು, ಸಾಲ ತೀರಿದ ಮೇಲೆ ಪತ್ರವನ್ನು ಹರಿದು ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಜನರ ನಡುವಿನ ಇಂಥ ಪತ್ರಗಳು ಶುದ್ಧ ಸಂಸ್ಕೃತದಲ್ಲೇ ಇರಬೇಕೆಂಬ ನಿಯಮವಿಲ್ಲ, ಆಯಾ ದೇಶಭಾಷೆಯಲ್ಲೂ ಬರೆಯಬಹುದು ಎನ್ನುತ್ತಾನೆ ವಿಜ್ಞಾನೇಶ್ವರ. ಒಂಬೈನೂರು ವರ್ಷಗಳ ಹಿಂದೆ ಸಂಸ್ಕೃತದ ಒಬ್ಬ ಪಂಡಿತ ಹೇಳಿದ ಮಾತಿದು.

ಎರಡನೆಯ ಪಾಠ ಕುರ್‌ಆನಿನದು. ಅದರ ಅತ್ಯಂತ ದೀರ್ಘ ಸೂಕ್ತ ಎರಡನೇ ಅಧ್ಯಾಯವಾದ ಅಲ್ ಬಕರಾದ 282ನೆಯದು. ಅದು ನಮಾಜಿನ ಬಗ್ಗೆ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ! ವಾಯಿದೆಯ ಸಾಲ ಚಿಕ್ಕದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬೇಡಿ, ಬರಹಗಾರ ನ್ಯಾಯದಿಂದ ಬರೆಯಲಿ, ಸಾಕ್ಷಿಗಳಿರಲಿ, ಬರೆದವನಿಗಾಗಲಿ ಸಾಕ್ಷಿಗಾಗಲಿ ತೊಂದರೆಯಾಗದಿರಲಿ ಎಂಬುದು ಅದರ ಸಾರ. ಅದರ ನಡುವೆ ಇರುವ ಒಂದು ವಿಧಿಯ ಮೇಲೆ ನಮ್ಮ ಗಮನ ಬೇಕಾದಷ್ಟು ಹೋಗಿಲ್ಲ. ಪತ್ರದ ಒಕ್ಕಣೆಯನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಸಾಲದ ಹೊಣೆ ಹೊತ್ತವನು. ಅವನು ದುರ್ಬಲನಾಗಿದ್ದರೆ, ಹೇಳಿ ಬರೆಸಲು ಆಗದವನಾಗಿದ್ದರೆ, ಅವನ ಪರವಾಗಿ ಅವನ ಪೋಷಕ ನ್ಯಾಯದಿಂದ ಹೇಳಿ ಬರೆಸಬೇಕು. ಕೊಟ್ಟವನ ಕೈಯಲ್ಲಿ ಹೇಗೂ ಹಣದ ಬಲವಿದೆ. ಮಾತಿನ ಬಲವಾದರೂ ಪಡೆದವನ ಬಾಯಲ್ಲಿರಲಿ ಎಂಬ ನ್ಯಾಯ ಅದು ಎಂದು ನಮಗೆ ತೋರುತ್ತದೆ.

ನಿಕಾಹ್ ಕೂಡ ಕರಾರೇ. ಅದರಲ್ಲಿ ಇಜಾಬ್ ಇದೆ, ಕಬೂಲ್ ಇದೆ. ಕನ್ನಡದಲ್ಲಿ ಹೇಳುವುದಾದರೆ ಪ್ರಸ್ತಾಪ ಮತ್ತು ಒಪ್ಪಿಗೆ. ಮಹರ್ ಎಷ್ಟೆಂದು ಸಾಕ್ಷಿಗಳ ಎದುರು, ಎಲ್ಲರಿಗೂ ಕೇಳುವಂತೆ ಹೇಳುವುದು ವಾಡಿಕೆ. ಯಾರ ಕಿವಿಗೂ ಬೀಳದ ಷರತ್ತಿಗೆ ‘ಕಬೂಲ್’ ಎನ್ನುವ ಪದ್ಧತಿ ಅಲ್ಲಿಲ್ಲ.

ಬಸವಕಲ್ಯಾಣದ ಪಂಡಿತನ ವಿಧಿಯನ್ನೂ ಮದೀನಾದ ವಿಧಿಯನ್ನೂ ಪಕ್ಕಪಕ್ಕ ಇಟ್ಟರೆ ಮೂರು ಮಾತು ಒಂದೇ ಆಗಿ ಕಾಣುತ್ತವೆ. ದುರ್ಬಲನ ಒಪ್ಪಿಗೆ ಅವನ ಬಾಯಿಂದಲೋ ಕೈಯಿಂದಲೋ ಬರಬೇಕು, ಬರೆದವನು ಹೊಣೆಗಾರನಾಗಬೇಕು, ಸಾಕ್ಷಿ ಇರಬೇಕು. ಈ ಅಳತೆಗೋಲು ಹಿಡಿದು ಕಾಫಿ ಗುಡ್ಡ ಹತ್ತೋಣ.

ಅರ್ಧ ಸರ್ಕಾರಕ್ಕೆ

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಹಜ್ ಮುಗಿಸಿ ಬರುವಾಗ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬುದು ಜನಜನಿತ ಐತಿಹ್ಯ. ಬೀಜಕ್ಕೆ ಷರತ್ತಿರಲಿಲ್ಲ. ಷರತ್ತು ಬಂದದ್ದು ಫಸಲಿಗೆ. ಮೈಸೂರು ಸಂಸ್ಥಾನದಲ್ಲಿ ಮೊದಲು ಕಾಫಿಗೆ ‘ವಾರ’ ಪದ್ಧತಿ ಇತ್ತು; ಬೆಳೆದದ್ದರಲ್ಲಿ ಅರ್ಧ ಸರ್ಕಾರಕ್ಕೆ. 1820ರ ದಶಕದಲ್ಲಿ ಈ ಹಕ್ಕನ್ನು ಮದರಾಸಿನ ಪ್ಯಾರಿ ಕಂಪನಿಗೆ ಇಜಾರೆಗೆ ಕೊಡಲಾಯಿತು. ಬೆಳೆದವನು ಮಲೆನಾಡಿನಲ್ಲಿ, ಇಜಾರೆದಾರ ಸಮುದ್ರದ ದಂಡೆಯಲ್ಲಿ, ಕರಾರು ಮೈಸೂರಿನಲ್ಲಿ. ತನ್ನ ಅರ್ಧ ಫಸಲು ಯಾವ ಷರತ್ತಿನ ಮೇಲೆ ಯಾರಿಗೆ ಹೋಗುತ್ತಿದೆ ಎಂಬ ಆ ಕಾಗದದಲ್ಲಿ ಬೆಳೆಗಾರ ಮಾತಾಡುವವನಾಗಿರಲಿಲ್ಲ, ಅವನ ಫಸಲು ಮಾತ್ರ ಇತ್ತು. ಮುಂದೆ ವಾರ ಹೋಗಿ ಮಣಕ್ಕೆ ಇಷ್ಟು ಸುಂಕ ಎಂದಾಯಿತು. ಆಮೇಲೆ ಎಕರೆಗೆ ಇಷ್ಟು ಕಂದಾಯ ಎಂದಾಯಿತು. ಅಷ್ಟರಲ್ಲಿ ಯುರೋಪಿಯನ್ ತೋಟಗಾರರು ಗುಡ್ಡಗಳನ್ನು ಹತ್ತಿದ್ದರು.

ಮುಂಗಡ ಎಂಬ ಹಗ್ಗ

ತೋಟಕ್ಕೆ ಆಳು ಬೇಕು. ಮಲೆನಾಡಿನಲ್ಲಿ ಜನ ವಿರಳ. ಹಾಗಾಗಿ ಮೈಸೂರಿನ ಬಯಲುಸೀಮೆಯಿಂದ, ದಕ್ಷಿಣ ಕನ್ನಡದಿಂದ, ತಮಿಳು ನಾಡಿನಿಂದ ಜನ ಬಂದರು. ಕರಾವಳಿಯಲ್ಲಿ ಇದಕ್ಕೆ ‘ಘಟ್ಟಕ್ಕೆ ಹೋಗುವುದು’ ಎಂಬ ಹೆಸರೇ ಬಿತ್ತು. ಕರೆತರುವವನು ಮೇಸ್ತ್ರಿ. ಅವನ ಕೈಗೆ ಮಾಲೀಕನ ಹಣ ಬರುತ್ತದೆ. ಅವನು ಊರಿಗೆ ಹೋಗಿ ಕುಟುಂಬಗಳಿಗೆ ಮುಂಗಡ ಹಂಚುತ್ತಾನೆ. ಆಳುಗಳ ದುಡಿಮೆಯ ಮೇಲೆ ಅವನಿಗೆ ಕಮಿಷನ್. ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರದ ಸೀಮೆಯಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ 1871ರಲ್ಲೂ 1894ರಲ್ಲೂ ತನ್ನ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದ. ಹೀಗೆ ಅಂದಿನ ತೋಟದ ಬದುಕನ್ನು ಮಾಲೀಕರ ಕಣ್ಣಿನಿಂದ ನೋಡಲು ನಮಗೆ ಪುಸ್ತಕಗಳಿವೆ. ಹೆಬ್ಬೆಟ್ಟು ಒತ್ತಿದವರು ಪುಸ್ತಕ ಬರೆಯಲಿಲ್ಲ. ಅವರ ಕಥೆಯನ್ನು ಕಾಯ್ದೆಯ ಕಲಮುಗಳಲ್ಲೇ ಹುಡುಕಬೇಕು.

ಆ ಕಾಯ್ದೆ 1859ರದು. ಕೆಲಸಗಾರರ ಕರಾರು ಭಂಗದ ಕಾಯ್ದೆ ಎಂದು ಅದರ ಹೆಸರು. ಮೊದಲಿಗೆ ಕಲ್ಕತ್ತ, ಮದರಾಸು, ಮುಂಬಯಿ ನಗರಗಳ ಕುಶಲಕರ್ಮಿಗಳನ್ನು ಕಣ್ಣಲ್ಲಿಟ್ಟು ಮಾಡಿದ್ದು. ಆಮೇಲೆ ಅಸ್ಸಾಮಿನ ಚಹಾ ತೋಟಗಳಿಗೂ ದಕ್ಷಿಣದ ತೋಟಗಳ ಸೀಮೆಗಳಿಗೂ ಹರಡಿತು. ಅದರ ತಿರುಳು ಸರಳ. ಮುಂಗಡ ಪಡೆದ ಕೆಲಸಗಾರ ಕೆಲಸಕ್ಕೆ ಬಾರದಿದ್ದರೆ ಮಾಲೀಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಹಣ ತಿರುಗಿ ಕೊಡು, ಇಲ್ಲವೇ ಕರಾರಿನಂತೆ ದುಡಿ ಎಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಅದನ್ನೂ ಮಾಡದಿದ್ದರೆ ಮೂರು ತಿಂಗಳವರೆಗೆ ಸೆರೆಮನೆ.

ಇಲ್ಲಿನ ತಕ್ಕಡಿಯನ್ನು ನೋಡಿ. ಮಾಲೀಕ ಕೂಲಿ ಕೊಡದೆ ಕರಾರು ಮುರಿದರೆ ಈ ಕಾಯ್ದೆಯಲ್ಲಿ ಅವನಿಗೆ ಸೆರೆಮನೆಯಿಲ್ಲ. ಕೂಲಿಯವನು ಬೇರೆ ದಾರಿ ನೋಡಿಕೊಳ್ಳಬೇಕು. ಆಳು ಮುರಿದರೆ ಜೈಲು. ಕರಾರು ಒಂದೇ, ಮುರಿದಾಗಿನ ಫಲ ಎರಡು. ಮುಂಗಡದ ಚೀಟಿಯನ್ನು ಬರೆಯುತ್ತಿದ್ದುದು ಕೊಟ್ಟವನ ಕಡೆಯವರು. ಓದಲು ಬಾರದವರು ಅದಕ್ಕೆ ಹೆಬ್ಬೆರಳು ಒತ್ತುತ್ತಿದ್ದರು. ಹಬ್ಬಕ್ಕೋ ಮದುವೆಗೋ ಮಳೆಗಾಲದ ಅಕ್ಕಿಗೋ ಪಡೆದ ಹಣ ಮರುವರ್ಷದ ದುಡಿಮೆಯನ್ನು ಈ ವರ್ಷವೇ ಕಟ್ಟಿಹಾಕುತ್ತಿತ್ತು.

ಬ್ರಿಟಿಷ್ ಇಂಡಿಯಾದಲ್ಲಿ ಈ ಕಾಯ್ದೆ 1925ರಲ್ಲಿ ರದ್ದಾಯಿತು. 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂದು ಮನೆ, ಆಸ್ಪತ್ರೆ, ಕೂಸುಮನೆ, ದುಡಿಮೆಯ ಅವಧಿ ಇವುಗಳನ್ನು ಮಾಲೀಕನ ದಯೆಯಿಂದ ಬಿಡಿಸಿ ಕಾನೂನಿನ ಮಾತಾಗಿಸಿತು. 1976ರ ಜೀತ ನಿರ್ಮೂಲನ ಕಾಯ್ದೆ ಇನ್ನೂ ಮುಂದೆ ಹೋಗಿ, ಜೀತಕ್ಕೆ ಕಟ್ಟಿಹಾಕಿದ ಸಾಲವೇ ಅಳಿದುಹೋಯಿತು ಎಂದಿತು. ಕರಾರಿಗೆ ಸಹಿ ಬಿದ್ದಿದೆ ಎಂಬ ಒಂದೇ ಕಾರಣಕ್ಕೆ ಅದು ನ್ಯಾಯವಾಗುವುದಿಲ್ಲ ಎಂಬ ಅರಿವಿಗೆ ಬರಲು 1859ರಿಂದ ನೂರಕ್ಕೂ ಹೆಚ್ಚು ವರ್ಷ ಬೇಕಾದವು.

ಒತ್ತಾಯದ ಮಾರಾಟ

ಕೂಲಿಯವನ ಕಥೆ ಹೀಗಾದರೆ ಬೆಳೆಗಾರನ ಕಥೆ ಬೇರೆ ತಿರುವು ಪಡೆಯಿತು. ಎರಡನೇ ಮಹಾಯುದ್ಧ ಯುರೋಪಿನ ಪೇಟೆಗಳನ್ನು ಮುಚ್ಚಿದಾಗ ಕಾಫಿ ಗೋದಾಮುಗಳಲ್ಲೇ ಉಳಿಯಿತು. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯ್ದೆ ಬಂದವು. ಮನೆಬಳಕೆ, ಬಿತ್ತನೆ ಮುಂತಾದವಕ್ಕೆ ಅನುಮತಿ ಇದ್ದಷ್ಟನ್ನು ಬಿಟ್ಟು ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕೆಂಬ ವ್ಯವಸ್ಥೆ ನೆಲೆಗೊಂಡಿತು. ಮಂಡಳಿ ಎಲ್ಲರ ಕಾಫಿಯನ್ನು ಒಟ್ಟಾಗಿ ಮಾರುತ್ತದೆ, ದರ್ಜೆಗೆ ತಕ್ಕಂತೆ ಅಂಕ ಹಾಕಿ ಕಂತುಕಂತಾಗಿ ಹಣ ಕೊಡುತ್ತದೆ. ಯುದ್ಧಕಾಲದ ಏರ್ಪಾಡು ಅರ್ಧ ಶತಮಾನ ಬಾಳಿತು. ಹಿಂದಿನ ವರ್ಷಗಳ ಕಾಫಿಯ ಹಣಕ್ಕೆ ಕಾಯುವುದು ತೋಟದವರಿಗೆ ಅಭ್ಯಾಸವೇ ಆಗಿಹೋಯಿತು. ಒಂದು ಆಸರೆಯೂ ಇತ್ತು: ಕೊಳ್ಳುವವರಿಲ್ಲ ಎಂಬ ಭಯವಿರಲಿಲ್ಲ, ಸಣ್ಣ ಬೆಳೆಗಾರನೂ ದೊಡ್ಡ ಕಂಪನಿಯೂ ಒಂದೇ ಪೂಲ್‌ಗೆ ಸುರಿಯುತ್ತಿದ್ದರು.

ಇಲ್ಲಿ ಒಂದು ಸೊಗಸಾದ ಪ್ರಶ್ನೆ ಎದ್ದಿತು. ಬೇರೆಯವರಿಗೆ ಮಾರುವ ಹಾಗಿಲ್ಲ, ಬೆಲೆ ಹೇಳುವ ಹಾಗಿಲ್ಲ, ಕೊಡದೆ ಇರುವ ಹಾಗಿಲ್ಲ. ಹೀಗೆ ಕೊಟ್ಟದ್ದು ಮಾರಾಟವೋ, ಸರ್ಕಾರದ ವಶಪಡಿಕೆಯೋ? ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಖರೀದಿ ತೆರಿಗೆ ಕೇಳಿದಾಗ ಕಾಫಿ ಮಂಡಳಿ, ಇದು ಮಾರಾಟವೇ ಅಲ್ಲ, ಕಾನೂನಿನಂತೆ ನಡೆಯುವ ಕಡ್ಡಾಯ ಸ್ವಾಧೀನ ಎಂದು ವಾದಿಸಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1988ರ ತೀರ್ಪು ಮಂಡಳಿಯ ವಾದವನ್ನು ಒಪ್ಪಲಿಲ್ಲ. ಕಾನೂನು ಕಟ್ಟುಪಾಡು ಹಾಕಿದ ಮಾತ್ರಕ್ಕೆ ಒಪ್ಪಿಗೆಯ ಅಂಶ ಪೂರ್ತಿ ಸತ್ತುಹೋಗುವುದಿಲ್ಲ, ಇದು ಮಾರಾಟವೇ ಎಂದಿತು.

ತೆರಿಗೆಯ ಲೆಕ್ಕದಲ್ಲಿ ಆ ತೀರ್ಪು ಸರಿಯಿರಬಹುದು. ಆದರೆ ಅದು ನಮಗೆ ಕಲಿಸುವುದು ಬೇರೆ. ‘ಒಪ್ಪಿಗೆ’ ಎಂಬ ಶಬ್ದವನ್ನು ಕಾನೂನು ಎಷ್ಟು ತೆಳ್ಳಗೆ ಬಡಿಯಬಲ್ಲದು! ಕಾಫಿ ಬೆಳೆಯಲು ಒಪ್ಪಿದೆ ಎಂದಾದರೆ ಅದರ ಜೊತೆಗಿರುವ ಷರತ್ತುಗಳಿಗೂ ಒಪ್ಪಿದ ಹಾಗೆ. ಇಂದು ನಮ್ಮ ಫೋನು ಹೇಳುವುದೂ ಇದನ್ನೇ ಅಲ್ಲವೇ? ಬಳಸುತ್ತಿದ್ದೀರಿ ಎಂದರೆ ಒಪ್ಪಿದ್ದೀರಿ.

ತೆರೆದ ಪೇಟೆ, ಮುಚ್ಚಿದ ಚೀಟಿ

1992ರಿಂದ ಹಂತಹಂತವಾಗಿ ಪೂಲ್ ಸಡಿಲವಾಯಿತು. 1996ರಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ಯಾರಿಗೆ ಬೇಕಾದರೂ ಮಾರಲು ಸ್ವತಂತ್ರರಾದರು. ಸ್ವಾತಂತ್ರ್ಯದ ಜೊತೆಗೆ ಹೊಸ ಕಾಗದಗಳು ಬಂದವು.

ಗೋಣಿಬೀಡಿನ ಸುತ್ತಿನ ಸಣ್ಣ ಬೆಳೆಗಾರ ಒಣಗಿಸಿದ ಚೆರಿ ಕಾಫಿಯನ್ನು 50 ಕಿಲೋ ಮೂಟೆ ಮಾಡಿ ವ್ಯಾಪಾರಿಯ ಬಳಿ ಒಯ್ಯುತ್ತಾನೆ. ದರ ಮೂಟೆಯನ್ನು ನೋಡಿ ಅಲ್ಲ, ‘ಓಟಿ’ಯನ್ನು ನೋಡಿ. ಸಿಪ್ಪೆ ಬಿಡಿಸಿದ ಮೇಲೆ ಆ ಮೂಟೆಯಿಂದ ಎಷ್ಟು ಕಿಲೋ ಬೀಜ ಸಿಗುತ್ತದೋ ಅದು ಓಟಿ. ವ್ಯಾಪಾರಿ ಒಂದು ಹಿಡಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ ತೂಗಿ, ತೇವಾಂಶ ನೋಡಿ, ಕಪ್ಪು ಬೀಜ ಎಷ್ಟು, ಕಾಯಿಕೊರಕ ತಿಂದದ್ದೆಷ್ಟು ಎಂದು ಎಣಿಸಿ ಲೆಕ್ಕ ಹೇಳುತ್ತಾನೆ. ಗೋಣಿಯ ತೂಕವನ್ನು ಕಳೆಯುತ್ತಾನೆ. ಓಟಿಯ ಒಂದು ಪಾಯಿಂಟಿಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಸ್ಯಾಂಪಲ್‌ನಲ್ಲಿ 28ರ ಬದಲು 27 ಎಂದು ಬಂದರೆ ನೂರು ಮೂಟೆಗೆ 30,000 ರೂಪಾಯಿ ಹೋಯಿತು. ಇಷ್ಟು ಹಣ ನಿಂತಿರುವುದು ಯಾರ ಕೈ ಸ್ಯಾಂಪಲ್ ತೆಗೆಯಿತು, ಯಾರ ತಕ್ಕಡಿ ತೂಗಿತು ಎಂಬ ಎರಡು ಮಾತಿನ ಮೇಲೆ. ಆ ಎರಡು ಮಾತು ಚೀಟಿಯಲ್ಲಿ ಇರುತ್ತವೆಯೇ?

ಇನ್ನೊಂದು ಬಗೆಯ ವ್ಯವಹಾರವೂ ಇದೆ. ಕಾಫಿಯನ್ನು ಈಗ ಇಡುವುದು, ದರವನ್ನು ಆಮೇಲೆ ತೀರ್ಮಾನಿಸುವುದು. ಪೇಟೆ ಏರುವವರೆಗೆ ಕಾಯಬಹುದು ಎಂಬ ಆಸೆ ಒಂದೆಡೆ, ಮನೆಯಲ್ಲಿ ಗೋದಾಮು ಇಲ್ಲವೆಂಬ ಕಷ್ಟ ಇನ್ನೊಂದೆಡೆ. ಹೀಗೆ ಇಟ್ಟ ಕಾಫಿ ಯಾರದು? ಗೋದಾಮಿಗೆ ಬೆಂಕಿ ಬಿದ್ದರೆ ನಷ್ಟ ಯಾರದು? ವ್ಯಾಪಾರಿ ಅದನ್ನು ಮೊದಲೇ ಮಾರಿಬಿಟ್ಟು ಆಮೇಲೆ ದಿವಾಳಿಯಾದರೆ ಬೆಳೆಗಾರ ಮಾಲಿನ ಒಡೆಯನೋ, ಬರೀ ಸಾಲಗಾರರ ಸಾಲಿನಲ್ಲಿ ನಿಂತ ಇನ್ನೊಬ್ಬನೋ? ಚೀಟಿಯಲ್ಲಿ ‘ಇಷ್ಟು ಮೂಟೆ ಬಂದಿದೆ’ ಎಂದಷ್ಟೇ ಬರೆದಿದ್ದರೆ ಇವಕ್ಕೆ ಉತ್ತರ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹುಡುಕಬೇಕು. ನಂಬಿಕೆಯ ಮೇಲೆ ನಡೆಯುವ ವ್ಯಾಪಾರ ದೊಡ್ಡದು, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಘಟ್ಟ ಹತ್ತಿ ಬಂದ ಬ್ಯಾರಿ ವ್ಯಾಪಾರಿಗಳೂ ಗುಡ್ಡದ ಒಕ್ಕಲಿಗ ಬೆಳೆಗಾರರೂ ತಲೆಮಾರುಗಳಿಂದ ಕಾಫಿ, ಮೆಣಸು, ಏಲಕ್ಕಿಯ ವ್ಯವಹಾರವನ್ನು ಮಾತಿನ ಮೇಲೆ ನಡೆಸಿದ್ದಾರೆ. ಆದರೆ ಬರೆದಿಡುವುದು ನಂಬಿಕೆಗೆ ಅವಮಾನವಲ್ಲ. ಮರೆವಿನಿಂದ, ಸಾವಿನಿಂದ, ಮುಂದಿನ ತಲೆಮಾರಿನ ಅನುಮಾನದಿಂದ ನಂಬಿಕೆಯನ್ನು ಕಾಯುವ ಬೇಲಿ ಅದು.

ಅದೇ ಕಾಫಿ ಮಂಗಳೂರು ಬಂದರಿನಿಂದ ಹಡಗು ಹತ್ತಿದಾಗ ಚಿತ್ರವೇ ಬೇರೆ. ಯುರೋಪಿನ ಕಾಫಿ ವರ್ತಕರ ಒಕ್ಕೂಟ ಸಿದ್ಧಪಡಿಸಿದ ಮಾದರಿ ಕರಾರು ಇದೆ. ತೂಕದಲ್ಲಿ ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ, ಗುಣಮಟ್ಟದ ತಕರಾರನ್ನು ಎಷ್ಟು ದಿನದೊಳಗೆ ಎತ್ತಬೇಕು, ಪಂಚಾಯ್ತಿ ಯಾರು ಮಾಡಬೇಕು, ಎಲ್ಲವೂ ಅದರಲ್ಲಿ ಮೊದಲೇ ಬರೆದಿದೆ. ‘ದರ ಆಮೇಲೆ’ ಎಂಬ ಪದ್ಧತಿ ಅಲ್ಲಿಯೂ ಇದೆ. ಲಂಡನ್ ಅಥವಾ ನ್ಯೂಯಾರ್ಕ್ ಪೇಟೆಯ ಯಾವ ತಿಂಗಳ ದರಕ್ಕೆ ಕಟ್ಟಬೇಕು ಎಂಬುದು ಮಾತ್ರ ಬರವಣಿಗೆಯಲ್ಲಿರುತ್ತದೆ. ಒಂದೇ ಬೀಜ ಬಂದರಿನಲ್ಲಿ ಹತ್ತಾರು ಕಲಮುಗಳ ರಕ್ಷಣೆಯಲ್ಲಿ ಸಾಗುತ್ತದೆ, ಊರಿನಲ್ಲಿ ಅರ್ಧ ಹಾಳೆಯ ಚೀಟಿಯ ಮೇಲೆ. ವರ್ತಕರಿಬ್ಬರೂ ಸಮಾನರಾದಾಗ ಷರತ್ತುಗಳು ಇಬ್ಬರನ್ನೂ ಕಾಯುತ್ತವೆ. ಅಸಮಾನರಾದಾಗ ಒಬ್ಬನನ್ನು ಮಾತ್ರ ಕಾಯುತ್ತವೆ.

ರಸೀದಿಯ ಹಿಂಬದಿ

ಬೆಳೆಗಾರ ಮಾರುವಾಗ ದುರ್ಬಲ, ಕೊಳ್ಳುವಾಗಲೂ ದುರ್ಬಲ. ಪೇಟೆಗೆ ಹೋಗಿ ಪಂಪ್‌ಸೆಟ್ಟೋ ಫ್ರಿಜ್ಜೋ ಕೊಂಡವನ ಬಿಲ್ಲಿನ ಕೆಳಗೆ, ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ ಎಂದು ಅಚ್ಚಾಗಿರುತ್ತದೆ. ಈ ಸಾಲು ಎಷ್ಟು ಹಳೆಯದೆಂದರೆ ಅದನ್ನೇ ಜನ ಕಾನೂನು ಎಂದು ತಿಳಿದಿದ್ದಾರೆ. ಇಸ್ಲಾಮಿ ವ್ಯಾಪಾರ ನೀತಿಯಲ್ಲಿ ದೋಷವಿರುವ ಮಾಲನ್ನು ಹಿಂದಿರುಗಿಸುವ ಹಕ್ಕಿಗೆ ‘ಖಿಯಾರ್’ ಎಂಬ ಹೆಸರಿದೆ. ಇಂದಿನ ದೇಶದ ಕಾನೂನೂ ಅದನ್ನೇ ಹೇಳುತ್ತದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸು ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ.

ಈ ಹಂತಕ್ಕೆ ಬರಲು ನ್ಯಾಯಾಲಯಗಳು ಬಹಳ ದಾರಿ ನಡೆದಿವೆ. ಆರುವತ್ತರ ದಶಕದಲ್ಲಿ ಮದರಾಸು ಹೈಕೋರ್ಟಿನ ಮುಂದೆ ಒಂದು ಪುಟ್ಟ ವ್ಯಾಜ್ಯ ಬಂತು. ಲಾಂಡ್ರಿಗೆ ಕೊಟ್ಟ ಸೀರೆ ಕಳೆದುಹೋಗಿತ್ತು. ರಸೀದಿಯ ಹಿಂಬದಿಯಲ್ಲಿ, ಬಟ್ಟೆ ಕಳೆದರೆ ಬೆಲೆಯ ಶೇ. 15 ಮಾತ್ರ ಕೊಡುತ್ತೇವೆ ಎಂದು ಅಚ್ಚಾಗಿತ್ತು. ಹೈಕೋರ್ಟು ಆ ಷರತ್ತನ್ನು ಒಪ್ಪಲಿಲ್ಲ. ಹೀಗೆ ಬಿಟ್ಟರೆ ಅಲ್ಪ ಹಣ ಕೊಟ್ಟು ಹೊಸ ಬಟ್ಟೆಯನ್ನೇ ಇಟ್ಟುಕೊಳ್ಳುವವರಿಗೆ ದಾರಿಯಾಗುತ್ತದೆ ಎಂಬುದು ಅದರ ಕಾಳಜಿ. 1986ರಲ್ಲಿ ಸುಪ್ರೀಂ ಕೋರ್ಟು ಒಂದು ಸರ್ಕಾರಿ ಜಲಸಾರಿಗೆ ನಿಗಮದ ಪ್ರಕರಣದಲ್ಲಿ, ಬಲದಲ್ಲಿ ಅಜಗಜಾಂತರವಿರುವ ಇಬ್ಬರ ನಡುವಿನ ಅನ್ಯಾಯದ ಷರತ್ತನ್ನು ಜಾರಿ ಮಾಡುವುದಿಲ್ಲ ಎಂದಿತು. 2019ರಲ್ಲಿ ಮನೆ ಕೊಂಡವನೊಬ್ಬನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಬಿಲ್ಡರ್‌ನ ಕರಾರನ್ನು ಬಿಚ್ಚಿ ನೋಡಿತು. ಕೊಳ್ಳುವವನು ಹಣ ತಡಮಾಡಿದರೆ ಶೇ. 18 ಬಡ್ಡಿ, ಬಿಲ್ಡರ್ ಮನೆ ತಡಮಾಡಿದರೆ ಶೇ. 9! ಇಂಥ ಒಮ್ಮುಖದ ಷರತ್ತು ಕೊಳ್ಳುವವನನ್ನು ಕಟ್ಟಿಹಾಕದು ಎಂದಿತು ತೀರ್ಪು. 1859ರ ತಕ್ಕಡಿಯೇ ಅಲ್ಲವೇ ಇದು? ಮುರಿದವನು ಯಾರು ಎಂಬುದರ ಮೇಲೆ ಶಿಕ್ಷೆ.

2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಕಾಯ್ದೆ ‘ಅನ್ಯಾಯದ ಕರಾರು’ ಎಂದರೇನೆಂದು ಪಟ್ಟಿಯನ್ನೇ ಕೊಟ್ಟಿದೆ. ಮಿತಿಮೀರಿದ ಠೇವಣಿ ಕೇಳುವುದು, ನಷ್ಟಕ್ಕೆ ತಾಳೆಯಿಲ್ಲದ ದಂಡ ಹಾಕುವುದು, ಸಾಲವನ್ನು ದಂಡಸಹಿತ ಮೊದಲೇ ತೀರಿಸುತ್ತೇನೆಂದರೂ ಒಪ್ಪದಿರುವುದು, ಸಕಾರಣವಿಲ್ಲದೆ ಒಬ್ಬನೇ ಕರಾರು ರದ್ದುಮಾಡುವುದು, ಗ್ರಾಹಕನಿಗೆ ತೊಂದರೆಯಾಗುವಂತೆ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ವರ್ಗಾಯಿಸುವುದು. ಪಟ್ಟಿ ಒಳ್ಳೆಯದೇ. ಆದರೆ ಇಂಥ ಕರಾರಿನ ದೂರನ್ನು ಜಿಲ್ಲಾ ಆಯೋಗ ಕೇಳುವ ಹಾಗಿಲ್ಲ. ರಾಜ್ಯ ಆಯೋಗಕ್ಕೋ ರಾಷ್ಟ್ರೀಯ ಆಯೋಗಕ್ಕೋ ಹೋಗಬೇಕು. ಮೂಡಿಗೆರೆಯ ಬಡವನಿಗೆ ಚಿಕ್ಕಮಗಳೂರೇ ಒಂದು ದಿನದ ಕೂಲಿ ಕಳೆಯುವ ದೂರ. ಬೆಂಗಳೂರು ಇನ್ನೂ ದೂರ.

ನಾವೆಲ್ಲ ಪರದೆಯ ಹಿಂದೆ

ಭಾಷೆಯ ಪ್ರಶ್ನೆಗೆ ಬರೋಣ. 1908ರ ನೋಂದಣಿ ಕಾಯ್ದೆಯ 19ನೇ ಕಲಮಿನಲ್ಲಿ ಒಂದು ವಿಚಿತ್ರವಿದೆ. ಪತ್ರ ಜಿಲ್ಲೆಯಲ್ಲಿ ಬಳಕೆಯಿಲ್ಲದ, ನೋಂದಣಾಧಿಕಾರಿಗೆ ತಿಳಿಯದ ಭಾಷೆಯಲ್ಲಿದ್ದರೆ ಜಿಲ್ಲೆಯ ಭಾಷೆಗೆ ಮಾಡಿದ ಅನುವಾದವನ್ನು ಜೊತೆಗೆ ಕೊಡಬೇಕು, ಇಲ್ಲದಿದ್ದರೆ ನೋಂದಣಿ ಇಲ್ಲ. ಅಧಿಕಾರಿಗೆ ಅರ್ಥವಾಗಬೇಕೆಂಬ ಕಾಳಜಿ ಆ ಕಲಮಿನಲ್ಲಿದೆ. ಸಹಿ ಹಾಕುವವನಿಗೆ ಅರ್ಥವಾಗಬೇಕೆಂಬ ಮಾತು ಅದರಲ್ಲಿಲ್ಲ.

ಆದರೆ ಅದೇ ಕಾಲದ ನ್ಯಾಯಾಲಯಗಳು ಒಂದು ಗುಂಪಿಗೆ ಮಾತ್ರ ಈ ಕಾಳಜಿ ತೋರಿದ್ದವು. ಪರದೆಯಲ್ಲಿರುವ ಮಹಿಳೆ, ಅಂದರೆ ‘ಪರ್ದಾನಶೀನ್’ ಮಹಿಳೆ, ಬರೆದುಕೊಟ್ಟ ಪತ್ರದ ಬಗ್ಗೆ ಪ್ರಿವಿ ಕೌನ್ಸಿಲ್ ಕಾಲದಿಂದಲೂ ಒಂದು ನಿಯಮವಿದೆ. ಆಕೆಯ ಸಹಿ ಇದೆ ಎಂದು ತೋರಿಸಿದರೆ ಸಾಲದು, ಓದಿ ಹೇಳಿದೆವು ಎಂದರೂ ಸಾಲದು. ಆಕೆಗೆ ಅದರ ಅರ್ಥವೂ ಪರಿಣಾಮವೂ ತಿಳಿದಿತ್ತು ಎಂದು ಪತ್ರದಿಂದ ಲಾಭ ಪಡೆಯುವವನೇ ಸಾಬೀತು ಮಾಡಬೇಕು. ಅಕ್ಷರ ಬಾರದ ಇತರ ಮಹಿಳೆಯರಿಗೂ ನ್ಯಾಯಾಲಯಗಳು ಈ ರಕ್ಷಣೆ ವಿಸ್ತರಿಸಿದವು. ಬುರ್ಖಾ ತೊಟ್ಟ ಹೆಣ್ಣನ್ನು ಅಸಹಾಯಕಳೆಂದು ಕಂಡ ಆ ಕಾಲದ ದೃಷ್ಟಿಯ ಬಗ್ಗೆ ನಮಗೆ ತಕರಾರಿದೆ. ಆದರೆ ನಿಯಮದ ತಿರುಳು ಬಂಗಾರದಂಥದ್ದು. ಇಂಗ್ಲಿಷಿನ ನಲವತ್ತು ಪುಟದ ಸಾಲಪತ್ರದ ಮುಂದೆ, ಅಂಗೈಯಗಲದ ಗಾಜಿನಲ್ಲಿ ಜಾರುವ ಷರತ್ತುಗಳ ಮುಂದೆ ಇಂದು ಯಾರು ಪರದೆಯ ಹಿಂದಿಲ್ಲ? ಎಂ.ಎ. ಓದಿದವನೂ ‘ಒಪ್ಪಿದ್ದೇನೆ’ ಎಂದು ಕಣ್ಣು ಮುಚ್ಚಿ ಒತ್ತುತ್ತಾನೆ. ಆ ಬೆರಳಿಗೂ ಹಳೆಯ ಹೆಬ್ಬೆಟ್ಟಿಗೂ ವ್ಯತ್ಯಾಸವೇನು? ಮಸಿಯೊಂದಿಲ್ಲ, ಅಷ್ಟೆ.

ಇತ್ತೀಚೆಗೆ ಗಾಳಿ ಸ್ವಲ್ಪ ತಿರುಗಿದೆ. ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್‌ನಿಂದ, ಸಾಮಾನ್ಯ ಜನರಿಗೂ ಸಣ್ಣ ಉದ್ದಿಮೆಗಳಿಗೂ ಕೊಡುವ ಸಾಲಗಳ ಮುಖ್ಯಾಂಶಗಳನ್ನು ಪ್ರತ್ಯೇಕ ಹಾಳೆಯಲ್ಲಿ, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಟ್ಟು ವಿವರಿಸಬೇಕೆಂದು ವಿಧಿಸಿದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ನಮ್ಮ ಮಾಹಿತಿ ಕೇಳುವವರು ಅದರ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ನಮಗೆ ಬೇಕಾದ್ದರಲ್ಲಿ ಓದಲು ಅವಕಾಶ ಕೊಡಬೇಕು ಎನ್ನುತ್ತದೆ. ಆ ಪಟ್ಟಿಯಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ. 2025ರಲ್ಲಿ ಕರ್ನಾಟಕ ಸರ್ಕಾರ ಕಿರುಸಾಲಗಳ ಬಲವಂತದ ವಸೂಲಿಗೆ ಕಡಿವಾಣ ಹಾಕುವ ಕಾನೂನು ತಂದಿತು. ದೇಶಭಾಷೆಯಲ್ಲಿ ಬರೆಯಿರಿ ಎಂಬ ವಿಜ್ಞಾನೇಶ್ವರನ ಮಾತಿನ ಕಡೆಗೆ ಇವೆಲ್ಲ ತಡವಾಗಿ ಇಟ್ಟ ಹೆಜ್ಜೆಗಳು.

ಅದು ಎಷ್ಟು ತುರ್ತಿನದೆಂದು ಕಾಫಿ ಸೀಮೆಗೆ ಗೊತ್ತು. 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿನ ಅಡಮಾನಕ್ಕೆ ಅನ್ವಯಿಸುವುದಿಲ್ಲ ಎಂದು ಅದರ 31ನೇ ಕಲಮು ಹೇಳುತ್ತದೆ. ಕಾಫಿ ತೋಟ ಕೃಷಿಯೋ ಅಲ್ಲವೋ? ಸಾಲ ಮರುಪಾವತಿ ತಪ್ಪಿ ತೋಟಗಳ ಮೇಲೆ ಹರಾಜಿನ ನೋಟೀಸು ಬಂದಾಗ ಬೆಳೆಗಾರರು ಎತ್ತಿದ ಕೂಗು ಇದೇ. ಅಡಮಾನಪತ್ರಕ್ಕೆ ಸಹಿ ಹಾಕುವ ದಿನ ಈ ಒಂದು ಶಬ್ದದ ಮೇಲೆ ಮನೆ ನಿಂತಿದೆ ಎಂದು ಎಷ್ಟು ಜನರಿಗೆ ಯಾರು ಓದಿ ಹೇಳಿದ್ದರು?

ಹಾಗಾದರೆ ಏನು ಮಾಡಬೇಕು? ಬರೆಯುವವರಿಗೆ ನಮ್ಮದು ಒಂದು ಮಾತು: ಷರತ್ತನ್ನು ಬರೆದ ಮೇಲೆ ನಿಮ್ಮನ್ನು ಆಚೆ ಕಡೆಯವನ ಜಾಗದಲ್ಲಿ ನಿಲ್ಲಿಸಿ ಒಮ್ಮೆ ಓದಿ. ಸಹಿ ಹಾಕುವವರು ಐದು ಮಾತು ಕೇಳಿ ತಿಳಿಯಲಿ. ತೂಕ, ತೇವಾಂಶ, ಓಟಿ ನೋಡುವವರು ಯಾರು, ಆಗ ನಾವು ಎದುರಿಗಿರಬಹುದೇ? ದರ ಯಾವ ದಿನದ್ದು? ಹಣ ಯಾವ ವಾಯಿದೆಗೆ? ನಡುವೆ ಮಾಲು ಹಾಳಾದರೆ ನಷ್ಟ ಯಾರದು? ನಾವು ತಪ್ಪಿದರೆ ಬೀಳುವ ದಂಡವೇ ಅವರು ತಪ್ಪಿದಾಗಲೂ ಬೀಳುತ್ತದೆಯೇ? ಈ ಐದಕ್ಕೂ ಉತ್ತರ ಬರೆದಿದ್ದರೆ ಅರ್ಧ ಹಾಳೆಯ ಚೀಟಿಯೂ ಒಳ್ಳೆಯ ಕರಾರು. ಮಸೀದಿಯ ಜಮಾತು, ಸಹಕಾರ ಸಂಘ, ಬೆಳೆಗಾರರ ಸಂಘ, ಮಹಿಳೆಯರ ಸ್ವಸಹಾಯ ಗುಂಪು ಇವೆಲ್ಲ ತಿಂಗಳಿಗೊಂದು ದಿನ ಕೂತು ಜನರ ಕಾಗದಗಳನ್ನು ಓದಿ ಹೇಳಿದರೆ ಅದೂ ಒಂದು ಸೇವೆಯೇ. ದುರ್ಬಲನ ಪರವಾಗಿ ನ್ಯಾಯದಿಂದ ಹೇಳಿ ಬರೆಸುವ ಪೋಷಕ ಬೇಕು ಎಂದದ್ದು ಇಂಥ ಸೇವೆಗೇ.

ಏಳು ಬೀಜದಿಂದ ಹಬ್ಬಿದ ಕಾಫಿ ಇಂದು ಇಡೀ ಗುಡ್ಡವನ್ನು ಆವರಿಸಿದೆ. ಅದರ ಹಿಂದೆಯೇ ಷರತ್ತುಗಳೂ ಹಬ್ಬಿವೆ. ಷರತ್ತುಗಳು ಬೇಡ ಎಂದು ನಾವು ಹೇಳುತ್ತಿಲ್ಲ. ಷರತ್ತಿಲ್ಲದ ವ್ಯವಹಾರದಲ್ಲಿ ಕೊನೆಗೆ ಗೆಲ್ಲುವವನು ಗಟ್ಟಿ ದನಿಯವನು. ನಾವು ಕೇಳುವುದು ಹಳೆಯ ಪತ್ರದ ಕೊನೆಯ ಆ ಒಂದು ಸಾಲನ್ನು. ಬರೆದವರು ಯಾರು, ಎರಡೂ ಕಡೆಯವರು ಕೇಳಿ ಬರೆದರೇ, ಓದಿ ಹೇಳಿದರೇ. ಆ ಸಾಲು ಇಲ್ಲದ ಕರಾರಿಗೆ ಸಹಿ ಎಷ್ಟೇ ದಪ್ಪಗಿರಲಿ, ಅದು ಅರ್ಧ ಬರೆದ ಕಾಗದ.